ಇಂಗ್ಲಿಷಿನಲ್ಲಿ ಮಸಿ ಬಳಿಯುವವರು

ಹೋದ ಭಾನುವಾರ ಕಲಬುರಗಿಯ ನಮ್ಮ ಕೋಟನೂರ ಬಡಾವಣೆಯಲ್ಲಿ ನೀರಿನ ಟ್ಯಾಂಕಿನ ಬಗ್ಗೆ ಸಭೆ ಕರೆದಿದ್ದರು. ಟ್ಯಾಂಕಿನ ಬಗ್ಗೆ ಕರೆದ ಸಭೆಯಲ್ಲಿ ಟ್ಯಾಂಕಿನ ಬಗ್ಗೆ ಮಾತಾಡಿದವರನ್ನು ನಾನಂತೂ ಇವತ್ತಿನವರೆಗೆ ಕಂಡಿಲ್ಲ. ಅಂದೂ ಹಾಗೆಯೇ ಆಯಿತು. ಕಾರ್ಯದರ್ಶಿಗಳು ಎದ್ದು ನಿಂತು, "ಕೆಲವು ಮಂದಿ ನನಗ ಬ್ಯಾಡ್ ಲೈಟಿನ್ಯಾಗ ತೋರಸ್ಲಾಕತ್ತಾರ" ಎಂದು ಗದ್ಗದಿತರಾದರು. ಅದಕ್ಕೆ ಎದುರು ಸಾಲಿನವರೊಬ್ಬರು, "ನೀವೇನು ಕಮ್ಮಿ ಅದೀರಿ? ಎಲ್ಲಾರಿಗೂ ಒಂದೇ ಬ್ರಷ್ಷಿಲೆ ಟಾರ್ ಹಚ್ಚತೀರಿ" ಎಂದರು. ಮತ್ತೊಬ್ಬರು ಯಾರದೋ ಹೆಸರನ್ನು 'ಮಡ್'ನಲ್ಲಿ ಎಳೆದಾಡಿದರು. ಒಂದು ತಾಸು ಬೆಳಕು, ಬ್ರಷ್ಷು, ಡಾಂಬರು, ಕೆಸರು ಎಲ್ಲ ಬಂದು ಹೋದವು. ನೀರು ಮಾತ್ರ ಬರಲಿಲ್ಲ. ನಾನು ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದನ್ನು ನೋಡಿ ಪಕ್ಕದವರು "ಯಾಕ್ರೀ ಬಾಯಾರ, ಏನಾತು?" ಎಂದು ಕೇಳಿದರು. ಅವರಿಗೆ ಅಷ್ಟು ಹೊತ್ತಿನಲ್ಲಿ ಏನಂತ ಹೇಳಲಿ? ನಿಮಗಾದರೆ ಪುರುಸೊತ್ತಾಗಿ ಹೇಳಬಹುದು.

ಒಬ್ಬರ ಮೇಲೆ ಇಲ್ಲದ್ದು ಹೇಳುವ ಕೆಲಸಕ್ಕೆ ಕನ್ನಡದಲ್ಲಿ ಮಾತಿನ ಬರವಿಲ್ಲ. ಮಸಿ ಬಳಿಯಬಹುದು, ಕೆಸರೆರಚಬಹುದು, ಹೆಸರು ಕೆಡಿಸಬಹುದು, ಮಾನ ಹರಾಜಿಗೆ ಹಾಕಬಹುದು. ಏನೂ ಸಾಲದಿದ್ದರೆ ಹಚ್ಚಿ ಹೇಳಬಹುದು. ಆದರೆ ಇವೆಲ್ಲ ಮಾಡಿದವನ ಕೈಗೂ ಒಂದಿಷ್ಟು ಅಂಟುವ ಕೆಲಸಗಳು. ಕನ್ನಡದಲ್ಲಿ ಆಡಿಕೊಂಡವನನ್ನು ಓಣಿ ಚಾಡಿಕೋರನೆಂದು ಕರೆಯುತ್ತದೆ. ಅದನ್ನೇ ಇಂಗ್ಲಿಷಿನಲ್ಲಿ ಆಡಿದವನನ್ನು ತಿಳಿದವರೆಂದು ಕರೆದು, ಕುರ್ಚಿ ಹಾಕಿ, ಚಹಾ ಕೊಡುತ್ತದೆ. ಈ ಅನ್ಯಾಯವನ್ನು ನಾನು ಹದಿಹರೆಯದಲ್ಲೇ ಕಣ್ಣಾರೆ ಕಂಡವಳು. ಆದ್ದರಿಂದ ಈಗಲೂ ಯಾರಾದರೂ 'ಬ್ಯಾಡ್ ಲೈಟ್' ಎಂದರೆ ನನಗೆ ಮೊದಲು ನಗು ಬರುತ್ತದೆ, ಆಮೇಲೆ ಸಿಟ್ಟು ಬರುತ್ತದೆ.

ಆಗ ನಾವು ಊರೊಳಗಿನ ಹಳೆಯ ಓಣಿಯಲ್ಲಿದ್ದೆವು. ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆ ನಾರಾಯಣರಾವ ಕಾಕಾರದು. ರಕ್ತಸಂಬಂಧವೇನೂ ಇರಲಿಲ್ಲ; ಗೋಡೆ ಒಂದೇ ಆದ್ದರಿಂದ ಕಾಕಾ. ನಿಜಾಮನ ಕಾಲದಲ್ಲಿ ಉರ್ದು ಮೀಡಿಯಮ್ಮಿನಲ್ಲಿ ಕಲಿತು, ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ ಆಡಿ, ನೌಕರಿಗಾಗಿ ಇಂಗ್ಲಿಷನ್ನು ಬಾಯಿಪಾಠ ಮಾಡಿ, ಸರಕಾರಿ ಕಚೇರಿಯೊಂದರಲ್ಲಿ ಹೆಡ್ ಕ್ಲಾರ್ಕ್ ಆಗಿ ನಿವೃತ್ತರಾದವರು. ಇಷ್ಟು ಭಾಷೆ ಬರುವ ಮನುಷ್ಯ ಎಷ್ಟು ಚಂದದ ಮಾತಾಡಬಹುದಿತ್ತು! ಕಾಕಾ ಮಾತ್ರ ಹಾಲು ತರಲು ಕನ್ನಡ, ಹೆಂಡತಿಗೆ ಬೈಯಲು ಮರಾಠಿ, ತರಕಾರಿಯವನೊಡನೆ ಚೌಕಾಸಿಗೆ ಉರ್ದು ಬಳಸಿ, ಇಂಗ್ಲಿಷನ್ನು ಮಂದಿಯನ್ನು ಹೀಗಳೆಯಲಿಕ್ಕೆಂದೇ ತೆಗೆದಿಟ್ಟಿದ್ದರು. ಬಾಕಿ ಇಂಗ್ಲಿಷು ಅವರಿಗೆ ಎಷ್ಟು ಬರುತ್ತಿತ್ತೋ ದೇವರಿಗೇ ಗೊತ್ತು. ಆ ಒಂದು ಭಾಗ ಮಾತ್ರ ಪೂರಾ ಕೈವಶವಾಗಿತ್ತು.

ಅವರಿಗೊಂದು ರೀತಿಯಿತ್ತು. ಸಂಜೆ ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು ಕೂಡುವರು. ಯಾರದೋ ಮಾತು ಬರುವುದು. ಕಾಕಾ ಕಣ್ಣು ಮುಚ್ಚಿ, "ಐ ಡೋಂಟ್ ವಾಂಟ್ ಟು ಪೇಂಟ್ ಹಿಮ್ ಬ್ಲ್ಯಾಕ್, ಬಟ್…" ಎನ್ನುವರು. ಆತನಿಗೆ ಕಪ್ಪು ಬಳಿಯುವ ಇರಾದೆ ನನಗಿಲ್ಲ, ಆದರೆ… ಎಂದು ಅದರ ಅರ್ಥ. 'ಬಟ್' ಆದ ಮೇಲೆ ಡಬ್ಬಿ ತೆಗೆದು ನಶ್ಯ ಏರಿಸುವರು. ಅಷ್ಟೇ. ಮುಂದಿನ ಕಪ್ಪನ್ನು ಕೇಳುವವರು ತಮ್ಮ ತಮ್ಮ ಮನೆಯಿಂದ ತಂದು ಬಳಿದುಕೊಳ್ಳಬೇಕು. ಮೂಲೆ ಮನೆಯ ಮಾಸ್ತರರ ಕಪಾಟಿನಲ್ಲಿ 'ಸ್ಕೆಲಿಟನ್' ಇದೆ ಎಂದರು, ಅಂದರೆ ಮುಚ್ಚಿಟ್ಟ ಗುಟ್ಟಿದೆ ಎಂದು. ಮಾಸ್ತರರ ಮನೆಯಲ್ಲಿದ್ದುದು ಒಂದೇ ಕಪಾಟು, ಅದರ ಬಾಗಿಲೂ ಮುಚ್ಚುತ್ತಿರಲಿಲ್ಲ. ಗಿರಣಿಯವನು 'ನೋ ಏಂಜೆಲ್' ಎಂದರು. ಇಡೀ ದಿನ ಹಿಟ್ಟಿನಲ್ಲಿ ಮುಳುಗಿ ಬಿಳಿಚಿಕೊಂಡಿರುತ್ತಿದ್ದ ಆ ಪಾಪದವನು ತಾನು ದೇವದೂತನೆಂದು ಯಾರಿಗೆ ಯಾವಾಗ ಹೇಳಿಕೊಂಡಿದ್ದನೋ ತಿಳಿಯದು.

ನಮ್ಮ ಮನೆಯಲ್ಲಿ ಅವ್ವನದೊಂದು ಕಟ್ಟಳೆಯಿತ್ತು: ದೇವರ ಮುಂದೆ ದೀಪ ಹಚ್ಚಿದ ಮೇಲೆ ಮಂದಿಯ ಮೇಲೆ ಆಡಬಾರದು. ನಾವು ಅಕ್ಕತಂಗಿಯರು ಬಾಯಿ ತೆರೆದರೆ ಕಣ್ಣು ಬಿಡುವಳು. ಅದೇ ಹೊತ್ತಿಗೆ ಪಕ್ಕದ ಕಟ್ಟೆಯಲ್ಲಿ ಕಾಕಾ ಇಡೀ ಓಣಿಯನ್ನು ಒಂದು ಕಡೆಯಿಂದ ತೊಳೆಯುತ್ತಿದ್ದರೆ ಅವ್ವ ಭಕ್ತಿಯಿಂದ, "ಎಷ್ಟು ಓದ್ಯಾರ ನೋಡು, ಪೇಪರಿನ ಸುದ್ದಿ ಹೇಳ್ಲಾಕತ್ತಾರ" ಎನ್ನುವಳು. ನಾನೂ ಏನು ಕಡಿಮೆ ಇರಲಿಲ್ಲ. ಪಿಯುಸಿಯಲ್ಲಿದ್ದೆ, ಇಂಗ್ಲಿಷೆಂದರೆ ಜೀವ ಬಿಡುತ್ತಿದ್ದೆ. ಕಾಕಾರಿಂದ 'ಬ್ಲ್ಯಾಕ್ ಶೀಪ್', ಅಂದರೆ ಕುಲಕ್ಕೆ ಕಳಂಕ, ಎಂಬ ಮಾತೊಂದನ್ನು ಹಿಡಿದುಕೊಂಡು ವಾರಗಟ್ಟಲೆ ಕಂಡಕಂಡವರ ಮೇಲೆ ಪ್ರಯೋಗಿಸಿದೆ. ಕಡೆಗೆ ಹಾಲಿನವನ ಒದೆಯುವ ಎಮ್ಮೆಗೂ ಅದನ್ನೇ ಅಂದೆ. ಎಮ್ಮೆ ಏನೂ ಅನ್ನಲಿಲ್ಲ, ಹಾಲಿನವನು ಅವ್ವನ ಮುಂದೆ ನನಗೆ ಬಿಸಿಲು ಬಡಿದಿದೆಯೇನೋ ನೋಡಿ ಎಂದು ಹೇಳಿ ಹೋದ.

ಇರಲಿ. ಕಾಕಾ ಬರೀ ಕಟ್ಟೆಯ ಮೇಲೆ ಕುಳಿತ ಮನುಷ್ಯರಾಗಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ನಮ್ಮ ಕಡೆ 'ಚೌಕಶಿ' ಎಂಬುದೊಂದಿದೆ. ಹೆಣ್ಣು ನೋಡಿ, ಜಾತಕ ಕೂಡಿಸಿ, ಉಪ್ಪಿಟ್ಟು ಶಿರಾ ತಿಂದ ಮೇಲೆ ಗಂಡಿನ ಕಡೆಯವರು "ಇಲ್ಲೇ ಹೋಗಿ ಬರತೀವಿ" ಎಂದು ಎದ್ದು ಹೊರಗೆ ಹೋಗುತ್ತಾರೆ. ಹೋಗುವುದು ಪಕ್ಕದ ಮನೆಗೆ. ಅಲ್ಲಿ ಒಂದು ಕಪ್ಪು ಚಹಾ ಕುಡಿದು, ಹುಡುಗಿ ಹೇಗೆ, ಮನೆತನ ಹೇಗೆ ಎಂದು ವಿಚಾರಿಸುತ್ತಾರೆ. ಹೆಣ್ಣಿನ ಕಡೆಯವರಿಗೆ ಇದು ಗೊತ್ತಿರುತ್ತದೆ. ಗೊತ್ತಿಲ್ಲದವರಂತೆ ಒಳಗೆ ಕುಳಿತು ಪಾತ್ರೆ ತೊಳೆಯುತ್ತಿರುತ್ತಾರೆ. ಮನೆಯಲ್ಲಿ ಮದುವೆಯ ವಯಸ್ಸಿನ ಹುಡುಗಿಯಿದ್ದರೆ ನೆರೆಯವರನ್ನು ವರ್ಷಾನುಗಟ್ಟಲೆ ಚೆನ್ನಾಗಿಟ್ಟುಕೊಳ್ಳಬೇಕು. ಅವ್ವ ಹೋಳಿಗೆ ಮಾಡಿದ ದಿನ ಮೊದಲ ಹೋಳಿಗೆ ದೇವರಿಗೆ, ಎರಡನೆಯದು ಕಾಕಾರ ಮನೆಗೆ. ಎರಡರಲ್ಲಿ ತುಪ್ಪ ಹೆಚ್ಚು ಬೀಳುತ್ತಿದ್ದುದು ಯಾವುದಕ್ಕೆ ಎಂದು ನೀವೇ ತಿಳಿದುಕೊಳ್ಳಿ.

ಅಕ್ಕ ವಿಮಲಾ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಳು. ಈಗಿನ ಮೊಬೈಲಿನ ಮಕ್ಕಳಿಗೆ ಟ್ರಂಕ್ ಕಾಲ್ ಎಂದರೇನೆಂದು ಹೇಳಬೇಕು. ಪರವೂರಿಗೆ ಮಾತಾಡಬೇಕಾದರೆ ಮೊದಲು ಬುಕ್ ಮಾಡಿ, ಸರದಿ ಬರುವ ತನಕ ಫೋನಿನ ಮುಂದೆ ಕಾಯಬೇಕಾಗಿತ್ತು. ಆ ಸರದಿಯನ್ನು ನೋಡಿ ತಂತಿ ಚುಚ್ಚಿ ಕೊಡುವುದು ಅಕ್ಕನ ಕೆಲಸ. ಒಮ್ಮೆ ಕಾಕಾರ ಮನೆಗೆ ಯಾರೋ ನೆಂಟರು ಬಂದಿದ್ದರು. ಪುಣೆಗೆ ಫೋನ್ ಮಾಡಬೇಕಾಗಿತ್ತಂತೆ. "ನಮ್ಮ ಹುಡುಗಿನೇ ಎಕ್ಸ್‌ಚೇಂಜಿನ್ಯಾಗ ಇದ್ದಾಳ, ಚಿಟಿಕಿ ಹೊಡಿಯೂದ್ರಾಗ ಹಚ್ಚಿ ಕೊಡತಾಳ" ಎಂದು ಹೇಳಿ ಕಾಕಾ ಪರಿಚಯದ ಅಂಗಡಿಯಿಂದ ಬುಕ್ ಮಾಡಿಸಿದರು. ಅಕ್ಕ, "ಸರದಿ ಬಂದ ಕೂಡಲೆ ಹಚ್ಚತೀನ್ರಿ ಕಾಕಾ" ಎಂದಳು. ಸಾವಿನ ಸುದ್ದಿ, ದವಾಖಾನೆಯ ಸುದ್ದಿ ಹೇಳುವವರೆಲ್ಲ ಮುಂದಿದ್ದರು. ನೆಂಟರು ಕಾದೂ ಕಾದೂ ಅಂಗಡಿಯವನ ಸ್ಟೂಲಿನ ಮೇಲೆಯೇ ತೂಕಡಿಸಿದರು. ಈ ಸಂಗತಿಯನ್ನು ಅಕ್ಕ ಮನೆಗೆ ಬಂದು ನಗುತ್ತ ಹೇಳಿದಳು, ನಾವೂ ನಕ್ಕು ಮರೆತುಬಿಟ್ಟೆವು.

ಕಮಲಾಪುರದ ಸಂಬಂಧ ಬಂದದ್ದು ಅದಾದ ಮುಂದಿನ ಬೇಸಿಗೆಗೆ. ಹುಡುಗ ಅನಂತ, ಅಲ್ಲಿಯೇ ಶಾಲಾ ಮಾಸ್ತರ. ತಂದೆ ಶೇಷಗಿರಿರಾಯರಿಗೆ ಸ್ವಲ್ಪ ಬಾಳೆಯ ತೋಟ. ಬರುವಾಗ ಅಲ್ಲಿಯ ಕೆಂಪು ಬಾಳೆಹಣ್ಣಿನ ಗೊನೆಯನ್ನೇ ಬಸ್ಸಿನಲ್ಲಿ ಹಾಕಿಕೊಂಡು ಬಂದಿದ್ದರು. ಅಕ್ಕನಿಗೆ ಆಗ ಇಪ್ಪತ್ತಾರು ದಾಟಿತ್ತು. ಓಣಿಯವರ ಲೆಕ್ಕದಲ್ಲಿ ಅದು ಅರವತ್ತು. ಹಿಂದಿನ ಕೆಲವು ಸಂಬಂಧಗಳು ನೌಕರಿಯ ಹುಡುಗಿ ಬೇಡವೆಂದು ತಪ್ಪಿಹೋಗಿದ್ದವು. ಇವರು ನೌಕರಿ ಬಿಡಬೇಕೆಂದೂ ಅನ್ನಲಿಲ್ಲ. ಅನಂತ ಅಕ್ಕನನ್ನು ನೋಡಿ ಕೆಂಪಗಾದ. ಅಕ್ಕನೂ ಮೊದಲ ಸಲ ಬಂದವರೆದುರು ಮುಖ ಗಂಟಿಕ್ಕದೆ ಕುಳಿತಿದ್ದಳು. ಅವ್ವ ಒಳಗೆ ಮನೆದೇವರಿಗೆ ಮುಡಿಪು ಕಟ್ಟಿಯಾಗಿತ್ತು. ಆಗ ಶೇಷಗಿರಿರಾಯರು ಎದ್ದು, "ಇಲ್ಲೇ ಹೋಗಿ ಬರತೀವ್ರಿ" ಎಂದರು.

ನಾನು ಬಟ್ಟೆ ತೆಗೆಯುವ ನೆವದಿಂದ ಮಾಳಿಗೆ ಹತ್ತಿದೆ. ಎರಡು ಮನೆಯ ಮಾಳಿಗೆ ಕೂಡಿಯೇ ಇದ್ದವು; ಕಾಕಾರ ಅಂಗಳದ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ರಾಯರು ಹುಡುಗಿ ಹೇಗೆಂದು ಕೇಳಿದರು. ಕಾಕಾ ದೊಡ್ಡದೊಂದು ಉಸಿರು ಬಿಟ್ಟರು. "ಐ ಡೋಂಟ್ ವಾಂಟ್ ಟು ಶೋ ಹರ್ ಇನ್ ಎ ಬ್ಯಾಡ್ ಲೈಟ್, ಬಟ್…" ಎಂದರು. ನಶ್ಯದ ಸದ್ದಾಯಿತು. ಆಮೇಲೆ 'ನಾಟ್ ಸ್ನೋ ವೈಟ್' ಎಂದರು, 'ಟೂ ಬಿಗ್ ಫಾರ್ ಹರ್ ಬೂಟ್ಸ್' ಎಂದರು. ಆಕೆ ಹಿಮದಷ್ಟು ಬಿಳಿಯಲ್ಲ, ತನ್ನ ಬೂಟಿಗಿಂತ ದೊಡ್ಡವಳಾಗಿದ್ದಾಳೆ, ಅಂದರೆ ಸೊಕ್ಕಿನವಳು ಎಂದು. ಹಿಮವನ್ನು ಕಾಕಾ ಕಂಡದ್ದು ಕುಲ್ಫಿಯವನ ಡಬ್ಬಿಯಲ್ಲಿ, ಅಕ್ಕ ಜನ್ಮದಲ್ಲಿ ಬೂಟು ಹಾಕಿದವಳಲ್ಲ. ರಾಯರು ಪ್ರತಿ ಮಾತಿಗೂ "ಹಾಂ… ಹಾಂ…" ಎಂದು ತಲೆಯಾಡಿಸುತ್ತಿದ್ದರು. ಅರ್ಥ ಕೇಳಿದರೆ ತಮಗೆ ಇಂಗ್ಲಿಷ್ ಬಾರದೆಂದು ಗೊತ್ತಾಗುತ್ತದಲ್ಲ! ನನ್ನ ಕೈಯಲ್ಲಿದ್ದ ಇನ್ನೂ ಒಣಗದ ಧೋತರವನ್ನು ಅಲ್ಲಿಂದಲೇ ಕಾಕಾರ ತಲೆಯ ಮೇಲೆ ಎಸೆಯಬೇಕೆನಿಸಿತು.

ಸಂಬಂಧ ಹೇಳಿದವರ ಕಡೆಯಿಂದ ಕೆಲವೇ ದಿನಗಳಲ್ಲಿ ಸುದ್ದಿ ಬಂತು: ಜಾತಕ ಕೂಡಲಿಲ್ಲವಂತೆ. ನೋಡಲು ಬರುವ ಮೊದಲೇ ಕೂಡಿದ್ದ ಜಾತಕ ಕಮಲಾಪುರಕ್ಕೆ ಹೋಗಿ ಬಿಚ್ಚಿಕೊಂಡಿತ್ತು. ಅವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಅಪ್ಪ ಏನೂ ಅನ್ನಲಿಲ್ಲ; ಅವರು ಕೋರ್ಟಿನಲ್ಲಿ ಗುಮಾಸ್ತರು, ಅನ್ನದೇ ಇರುವುದು ಅವರಿಗೆ ರೂಢಿ. ನಾನು ತಡೆಯಲಾರದೆ ಮಾಳಿಗೆಯ ಮೇಲೆ ಕೇಳಿದ್ದನ್ನೆಲ್ಲ ಅಕ್ಕನಿಗೆ ಹೇಳಿದೆ.

ಅಕ್ಕ ಪೂರಾ ಕೇಳಿದಳು. "ನಾ ಏನ ಮಾಡೀನಿ ಅಂತ ಅದರಾಗ ಎಲ್ಲಿ ಬಂತು?" ಎಂದಳು.

"ಎಲ್ಲೂ ಬರಲಿಲ್ಲ" ಎಂದೆ. ಯೋಚಿಸಿ ನೋಡಿದರೆ ನಿಜವಾಗಿಯೂ ಬಂದಿರಲಿಲ್ಲ.

"ಸೀರಿ ಉಡು. ಕಮಲಾಪುರಕ್ಕ ಹೋಗಿ ಬರೂಣು."

ನೋಡಲು ಬಂದ ಗಂಡಿನ ಮನೆಗೆ ಹೆಣ್ಣು ತಾನೇ ಬಸ್ಸು ಹತ್ತಿ ಹೋಗುವುದನ್ನು ನಮ್ಮ ಓಣಿ ಕನಸಿನಲ್ಲಿಯೂ ಕಂಡಿರಲಿಲ್ಲ. ಅವ್ವನಿಗೆ ಸೂಪರ್ ಮಾರ್ಕೆಟ್ಟಿಗೆ ಹೋಗುತ್ತೇವೆಂದು ಹೇಳಿ ಕಮಲಾಪುರದ ಮೇಲೆ ಹಾದುಹೋಗುವ ಹುಮನಾಬಾದಿನ ಬಸ್ಸು ಹತ್ತಿದೆವು. ಭಾನುವಾರವಾದ್ದರಿಂದ ತಂದೆ ಮಗ ಇಬ್ಬರೂ ಮನೆಯಲ್ಲಿಯೇ ಇದ್ದರು. ಶೇಷಗಿರಿರಾಯರು ನಮ್ಮನ್ನು ನೋಡಿ ಎದ್ದು ನಿಂತವರು ಕೂಡುವುದನ್ನು ಮರೆತರು.

"ರಾಯರ, ಕಾಕಾ ನನ್ನ ಬಗ್ಗೆ ಏನಂದಾರ?" ಎಂದು ಅಕ್ಕ ನೆಟ್ಟಗೆ ಕೇಳಿದಳು.

ರಾಯರು ಮಗನ ಮುಖ ನೋಡಿ, ಬಾಳೆಗಿಡದ ಮುಖ ನೋಡಿ, ಕಡೆಗೆ ಒಪ್ಪಿಕೊಂಡರು. "ಖರೇ ಹೇಳ್ಬೇಕಂದ್ರ ತಂಗಿ, ಪೂರಾ ಅರ್ಥ ಆಗಲಿಲ್ಲ. ಆದ್ರ ಅಷ್ಟು ಇಂಗ್ಲಿಷಿನ್ಯಾಗ ಅಂದ್ರಲಾ, ಭಾರಿ ಏನೋ ಅದ ಅಂತ ತಿಳೀತು."

ಇದನ್ನು ನೆನೆದಾಗಲೆಲ್ಲ ನನಗೆ ಹಣೆ ಚಚ್ಚಿಕೊಳ್ಳಬೇಕೆನಿಸುತ್ತದೆ. ಅರ್ಥವಾಗದ ಮಾತಿಗೆ ಹೆದರಿ ಅರ್ಥವಾದ ಹುಡುಗಿಯನ್ನು ಬಿಟ್ಟ ಮಹಾನುಭಾವರು! ಕನ್ನಡದಲ್ಲಿ ಯಾರಾದರೂ ಹಾಗೆ ಹೇಳಿದ್ದರೆ ಇದೇ ರಾಯರು "ನೀ ನೋಡೀಯೇನು? ಯಾವಾಗ? ಎಲ್ಲಿ?" ಎಂದು ಹತ್ತು ಪ್ರಶ್ನೆ ಕೇಳುತ್ತಿದ್ದರು.

"ಬರ್ರಿ ಹಂಗಾದ್ರ" ಎಂದಳು ಅಕ್ಕ. "ಅವರ ಬಾಯಿಂದನೇ ಅರ್ಥ ಕೇಳೂಣು. ನಾ ಅಂಥಾಕಿ ಇದ್ರ ನನಗೂ ಗೊತ್ತಾಗಲಿ."

ಮರುಬಸ್ಸಿನಲ್ಲಿ ನಾವು ನಾಲ್ವರೂ ಕಲಬುರಗಿಗೆ ಬಂದೆವು. ಹೆಂಗಸರ ಸೀಟಿನಲ್ಲಿ ನಾವಿಬ್ಬರು, ಹಿಂದೆ ಎಲ್ಲೋ ತಂದೆ ಮಗ. ಒಬ್ಬರಿಗೊಬ್ಬರು ಗುರುತಿಲ್ಲದವರಂತೆ ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದೆವು. ಅನಂತ ನಮ್ಮ ಟಿಕೀಟನ್ನೂ ತಾನೇ ತೆಗೆಸಿದ್ದ. ಅಕ್ಕನಿಗೆ ಅದು ತಿಳಿದಾಗ ಮುಖ ಸ್ವಲ್ಪ ಮೆತ್ತಗಾದುದನ್ನು ನಾನು ಕಂಡೆ. ಆಕೆಗೆ ಆ ಹುಡುಗ ಮನಸ್ಸಿಗೆ ಬಂದಿದ್ದ. ಅದನ್ನು ಇಲ್ಲಿ ಹೇಳದೆ ಹೋದರೆ ಮುಂದಿನದಕ್ಕೆ ಬೆಲೆಯಿರುವುದಿಲ್ಲ.

ಕಾಕಾ ಕಟ್ಟೆಯ ಮೇಲೇ ಇದ್ದರು. ನಮ್ಮ ಮೆರವಣಿಗೆಯನ್ನು ನೋಡಿ ನಶ್ಯದ ಡಬ್ಬಿಯನ್ನು ಮುಚ್ಚಿದರು. ಸದ್ದಿಗೆ ಅಪ್ಪ ನಮ್ಮ ಬಾಗಿಲಿಗೆ ಬಂದು ನಿಂತರು, ಕಾಕಾರ ಹೆಂಡತಿ ಕಾಕೂ ಹಿಟ್ಟಿನ ಕೈಯಲ್ಲಿಯೇ ಹೊರಗೆ ಬಂದರು.

"ಕಾಕಾ, ಅವತ್ತ ನನ್ನ ಬಗ್ಗೆ ಇವರಿಗೆ ಹೇಳಿದ್ರಲಾ, ಅದನ್ನ ಇನ್ನೊಮ್ಮೆ ಹೇಳ್ರಿ. ಕನ್ನಡದಾಗ ಹೇಳ್ರಿ."

ಕಾಕಾ ಗಂಟಲು ಸರಿಮಾಡಿಕೊಂಡರು. "ಲುಕ್, ವಿಮಲಾ, ಐ ನೆವರ್…"

"ಕನ್ನಡದಾಗ್ರಿ. ಒಲ್ಲಂದ್ರ ಮರಾಠಿ ಆಗಲಿ. ಉರ್ದು ಆದ್ರೂ ನಡೀತದ. ನಮ್ಮ ಮಂದಿಗಿ ತಿಳಿಯೋ ಹಂಗ ಇರಲಿ, ಅಷ್ಟ."

ನೀವು ನಂಬಬೇಕು, ನಾಲ್ಕು ಭಾಷೆಯ ಆ ಮನುಷ್ಯ ಮೂರರಲ್ಲಿ ಮೂಕರಾದರು. "ಅಂದ್ರ… ಹುಡುಗಿ ಸ್ವಲ್ಪ…" ಎಂದರು. ಸ್ವಲ್ಪ ಏನು? ಕಳ್ಳಿಯೇ, ಸುಳ್ಳಿಯೇ, ನಡತೆಗೆಟ್ಟವಳೇ? ಕನ್ನಡದಲ್ಲಿ ಹೇಳಿದರೆ ಯಾವುದಾದರೂ ಒಂದನ್ನು ಹೇಳಬೇಕು, ಹೇಳಿದ್ದನ್ನು ತೋರಿಸಬೇಕು. ಹುಟ್ಟಿದಂದಿನಿಂದ ಕಣ್ಣೆದುರು ಬೆಳೆದ ಹುಡುಗಿ ಎದುರಿಗೇ ನಿಂತಿದ್ದಾಳೆ. ಕಾಕೂ, "ಹೇಳ್ರಲಾ, ಏನ ಮಾಡ್ಯಾಳ ನಮ್ಮ ವಿಮಲಿ?" ಎಂದು ಗದರಿದರು. ಆಗ ಕಾಕಾರ ಬಾಯಿಂದ ನಿಜ ಹೊರಬಿತ್ತು.

"ಅಕಿ ನನಗ ಪುಣೆಕ್ಕ ಫೋನ್ ಲಗೂನ ಹಚ್ಚಿ ಕೊಡಲಿಲ್ಲ! ನೆಂಟರ ಮುಂದ ನನ್ನ ಮರ್ಯಾದಿ ಹೋತು!"

ಇಷ್ಟೇ. ಆ ಬೆಳಕು, ಆ ಹಿಮ, ಆ ಬೂಟು ಎಲ್ಲದರ ಒಟ್ಟು ಕನ್ನಡ ಇಷ್ಟೇ. ಕಾಕೂ ಹಿಟ್ಟಿನ ಕೈಯಿಂದಲೇ ಹಣೆ ಬಡಿದುಕೊಂಡು ಒಳಗೆ ಹೋದರು. ಶೇಷಗಿರಿರಾಯರು ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು. "ಇಷ್ಟೇನಾ! ಇಷ್ಟಕ್ಕ ನಾವು ಗಾಬರಿ ಆಗಿದ್ದೆವಲ್ಲಾ! ಆತು ತಗೀರಿ, ಜಾತಕ ಇನ್ನೊಮ್ಮೆ ತೋರಸ್ತೀವಿ, ಕೂಡತದ. ಸಕ್ರಿ ತರ್ರಿ" ಎಂದರು. ಅಪ್ಪನ ಮುಖ ಅರಳಿತು. ನಾನು ಒಪ್ಪಿಗೆಯ ಸಕ್ಕರೆ ಹಂಚಲು ಡಬ್ಬಿಗೆಂದು ಒಳಗೆ ಓಡಲು ತಿರುಗಿಯೂ ಆಗಿತ್ತು.

ಅಕ್ಕ ಅನಂತನ ಕಡೆ ತಿರುಗಿದಳು. "ಮಾಸ್ತರ, ನಿಮಗ ಇಂಗ್ಲಿಷ್ ಬರತದ. ನಿಮ್ಮ ಅಪ್ಪ ಆ ಮಾತು ಮನಿಗಿ ಬಂದು ಹೇಳಿರಬೇಕು. ನೀವ್ಯಾಕ ಒಂದು ಮಾತು ಕೇಳಲಿಲ್ಲ?"

ಅನಂತ ಒಳ್ಳೆಯ ಹುಡುಗ. ಈಗಲೂ ಹಾಗೆಯೇ ಹೇಳುತ್ತೇನೆ. ಆದರೆ ಅವನು ಉತ್ತರಕ್ಕಾಗಿ ತಂದೆಯ ಮುಖ ನೋಡಿದ.

ಅಕ್ಕ ಆಮೇಲೆ ಕೈ ಮುಗಿದು, "ಸಕ್ರಿ ಬ್ಯಾಡ್ರಿ ರಾಯರ" ಎಂದಳು. "ನಾಳೆ ನಿಮ್ಮೂರಾಗ ಯಾರರೇ ನನ್ನ ಮ್ಯಾಲ ಇಂಗ್ಲಿಷ್ ಆಡಿದ್ರ ನಾ ಮತ್ತ ಬಸ್ ಹತ್ತಬೇಕಾಗತದ. ಎಷ್ಟು ಸಲ ಹತ್ತಲಿ? ಒಲ್ಲೆ." ಹೀಗೆಂದು ಸಂಜೆಯ ಡ್ಯೂಟಿಗೆ ಸೀರೆ ಬದಲಿಸಲು ಒಳಗೆ ಹೋದಳು. ಚಿಲಕ ಹಾಕಿಕೊಂಡು ಅತ್ತಳು. ಹೊರಗೆ ಬಂದಾಗ ಕಣ್ಣು ಕೆಂಪಗಿತ್ತು, ಪೌಡರು ಎಂದಿಗಿಂತ ಹೆಚ್ಚಾಗಿತ್ತು.

ಮರುದಿನ ಬೆಳಿಗ್ಗೆ ಅಪ್ಪ ಕೋರ್ಟಿಗೆ ಹೋಗುವ ಮುಂಚೆ ಊಟಕ್ಕೆ ಕುಳಿತಿದ್ದರು. ಅಕ್ಕ ಬಡಿಸುತ್ತಿದ್ದಳು. ಓಣಿಯಲ್ಲಿ ಆಗಲೇ ಸುದ್ದಿ ಕಾಕಾರಿಂದ ತಿರುಗಿ ಅಕ್ಕನ ಮೇಲೆ ಬಂದಿತ್ತು: ಬಂದ ಗಂಡನ್ನು ಬಾಗಿಲಿಂದ ಹೊಡೆದೋಡಿಸಿದ ಹುಡುಗಿ. ಅಪ್ಪ ಅನ್ನಕ್ಕೆ ಸಾರು ಹಾಕಿಸಿಕೊಂಡರು. ಆಮೇಲೆ ತಾಟಿನಿಂದ ಮುಖವೆತ್ತದೆ, "ಯು ಹ್ಯಾವ್ ಗಿವನ್ ದಿಸ್ ಹೌಸ್ ಎ ಬ್ಯಾಡ್ ನೇಮ್" ಎಂದರು. ಈ ಮನೆಗೆ ನೀನು ಕೆಟ್ಟ ಹೆಸರು ತಂದಿದ್ದೀ ಎಂದು. ಕೋರ್ಟಿನಲ್ಲಿ ಜನ್ಮವಿಡೀ ಇಂಗ್ಲಿಷ್ ಬರೆದ ಅಪ್ಪ ಮನೆಯಲ್ಲಿ ಅದನ್ನು ಆಡಿದ್ದು ಅದೇ ಮೊದಲು. ಕಾಕಾ ಅಂದದ್ದಕ್ಕೂ ನನಗೆ ಅಷ್ಟು ಸಿಟ್ಟು ಬಂದಿರಲಿಲ್ಲ.

ಅಕ್ಕ ಸಾರಿನ ಸೌಟು ಹಿಡಿದುಕೊಂಡು ಅಪ್ಪನನ್ನು ನೋಡುತ್ತ ನಿಂತಳು. ಅಪ್ಪ ಅನ್ನವನ್ನು ಕಲಸಿದರು. ಕಲಸಿದ್ದನ್ನೇ ಮತ್ತೆ ಕಲಸಿದರು. ಕಡೆಗೆ, ನನ್ನ ಅಪ್ಪನದೇ ಹೌದೋ ಅಲ್ಲವೋ ಎನ್ನುವಂಥ ದನಿಯಲ್ಲಿ ಹೇಳಿದರು:

"ನಾ ಇಲ್ದಾಗ ನೀ ಒಬ್ಬಾಕಿ ಆಗ್ತೀ ಅಂತ ನನಗ ಹೆದರಿಕಿ ಆಗತದವಾ."

ಅಕ್ಕ ಬಗ್ಗಿ ಅವರ ಅನ್ನಕ್ಕೆ ಇನ್ನೊಂದು ಸೌಟು ಸಾರು ಹಾಕಿದಳು.

"ಇಷ್ಟು ಹೇಳ್ಲಾಕ ಇಂಗ್ಲೆಂಡಿಗಿ ಯಾಕ ಹೋಗಿದ್ರಿ ಅಪ್ಪಾ?" ಎಂದಳು.